ಬೆನ್ನಿಗೆ ಬೆನ್ನು ಕೊಟ್ಟು ಸುತ್ತುವ ಹೆಜ್ಜೆ

ಉತ್ತರ ಕರ್ನಾಟಕದ ಊರೊಂದರಿಂದ ಹಿರಿಯ ಓದುಗರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಶರಣು ಶರಣಾರ್ಥಿಗಳನ್ನು ತಿಳಿಸಿದ ಬಳಿಕ ಅವರು ನೇರವಾಗಿ ವಿಷಯಕ್ಕೆ ಬಂದಿರುವರು. ಅವರ ಮಗನ ಸಂಸಾರ ಅಮೆರಿಕದಲ್ಲಿ ನೆಲೆಸಿದೆ. ಮೊಮ್ಮಗಳು ಅಲ್ಲಿಯ ಶಾಲೆಯಲ್ಲಿ ಐದನೆಯ ತರಗತಿ. ವ್ಯಾಯಾಮದ ವೇಳೆಯಲ್ಲಿ ಮಕ್ಕಳಿಗೆ ‘ಸ್ಕ್ವೇರ್ ಡಾನ್ಸ್’ ಎಂಬ ಅಲ್ಲಿಯ ಜನಪದ ಕುಣಿತವನ್ನು ಕಲಿಸುತ್ತಿದ್ದಾರೆ. ಹುಡುಗ ಹುಡುಗಿಯರನ್ನು ಜೋಡಿ ಮಾಡಿ ನಿಲ್ಲಿಸುತ್ತಾರೆ. “ಅಜ್ಜಾ, ನಾನು ಡೋ-ಸಿ-ಡೋ ಕಲಿತೆ” ಎಂದು ಮೊಮ್ಮಗಳು ದೂರವಾಣಿಯಲ್ಲಿ ಸಂಭ್ರಮದಿಂದ ಹೇಳಿದಳಂತೆ. ಹಿರಿಯರಿಗೆ ಎದೆ ಝಲ್ಲೆಂದಿತು. ಮಗಳನ್ನು ಆ ತರಗತಿಯಿಂದ ಬಿಡಿಸಬೇಕೆಂದು ಶಾಲೆಗೆ ಚೀಟಿ ಬರೆಯುವಂತೆ ಮಗನಿಗೆ ಹೇಳಿದರು. ಮಗ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಈಗ ಮೂರು ವಾರಗಳಿಂದ ತಂದೆ ಮಗನ ನಡುವೆ ಮಾತೇ ನಿಂತಿದೆ. ‘ಡೋ-ಸಿ-ಡೋ ಎಂದರೇನು? ನಾನು ಅಂಜಬೇಕಾದದ್ದು ಅದರಲ್ಲಿ ಏನಾದರೂ ಉಂಟೆ?’ ಎಂಬುದು ಪತ್ರದ ಕೊನೆಯ ಸಾಲು.

ಪ್ರಶ್ನೆ ಪ್ರಾಮಾಣಿಕವಾದುದು. ದೂರದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳುಳ್ಳ ಮನೆಗಳು ನಮ್ಮ ಓದುಗರಲ್ಲಿ ಈಗ ಹಲವು ಇವೆ; ಆದುದರಿಂದ ಉತ್ತರವನ್ನು ಇಲ್ಲಿಯೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ತೀರ್ಮಾನಕ್ಕೆ ಮೊದಲು ವಸ್ತುವನ್ನು ಕಣ್ಣಾರೆ ಕಂಡಂತೆ ತಿಳಿಯುವುದು ಲೇಸು.

ಸ್ಕ್ವೇರ್ ಎಂದರೆ ಚೌಕ. ನಾಲ್ಕು ಜೋಡಿಗಳು, ಎಂದರೆ ಎಂಟು ಜನ, ಚೌಕದ ನಾಲ್ಕು ಬದಿಗಳಲ್ಲಿ ಒಳಮುಖವಾಗಿ ನಿಲ್ಲುವರು. ರೂಢಿಯಂತೆ ಜೋಡಿಯಲ್ಲಿ ಹೆಣ್ಣು ಬಲಗಡೆ, ಗಂಡು ಎಡಗಡೆ. ಪಕ್ಕದಲ್ಲಿ ನಿಂತವರು ಜೊತೆಗಾರರು. ಇನ್ನೊಂದು ಪಕ್ಕಕ್ಕೆ, ಚೌಕದ ಮೂಲೆಯಲ್ಲಿ ಸಿಗುವ ನೆರೆಯವರಿಗೆ ‘ಕಾರ್ನರ್’, ಅಂದರೆ ಮೂಲೆಯವರು ಎಂದೇ ಹೆಸರು. ಕುಣಿತ ಸಾಗಿದಂತೆ ಜೊತೆಗಾರರು ಬದಲಾಗುತ್ತಾರೆ, ಸ್ಥಾನಗಳು ಕದಲುತ್ತವೆ, ಕೊನೆಗೆ ಎಲ್ಲರೂ ತಮ್ಮ ತಮ್ಮ ಮೊದಲಿನ ಸ್ಥಾನಕ್ಕೆ ಬಂದು ಸೇರಬೇಕು. ಆ ಸ್ಥಾನವನ್ನು ಅವರು ‘ಹೋಮ್’, ಮನೆ ಎನ್ನುತ್ತಾರೆ. ಯಾವಾಗ ಏನು ಮಾಡಬೇಕೆಂದು ಕುಣಿಯುವವರು ಮೊದಲೇ ಬಾಯಿಪಾಠ ಮಾಡಿರುವುದಿಲ್ಲ. ವಾದ್ಯದವರ ಬಳಿ ನಿಂತ ಒಬ್ಬರು ತಾಳಕ್ಕೆ ಸರಿಯಾಗಿ ಒಂದೊಂದು ಚಲನೆಯ ಹೆಸರನ್ನೂ ಕೂಗಿ ಹೇಳುತ್ತಾರೆ. ಅಲ್ಲಿಯ ಮಾತಿನಲ್ಲಿ ಅವರು ‘ಕಾಲರ್’; ನಾವು ಕರೆಗಾರ ಎಂದಿಟ್ಟುಕೊಳ್ಳೋಣ. ಮುಂದಿನ ಕರೆ ಏನೆಂಬುದು ಕರೆಗಾರನ ಬಾಯಿಂದ ಬರುವವರೆಗೆ ಎಂಟು ಜನರಿಗೂ ತಿಳಿಯದು. ಕಿವಿ ಚುರುಕಾಗಿರಬೇಕು, ಕಾಲು ಅದಕ್ಕೆ ವಿಧೇಯವಾಗಿರಬೇಕು.

ಈ ಕರೆಗಳಲ್ಲಿ ಮಕ್ಕಳಿಗೆ ಮೊದಮೊದಲು ಕಲಿಸುವಂಥದು ಡೋ-ಸಿ-ಡೋ. ಇಬ್ಬರು ಎದುರುಬದುರಾಗಿ, ನಾಲ್ಕೈದು ಅಡಿ ಅಂತರದಲ್ಲಿ ನಿಂತಿದ್ದಾರೆ ಎಂದು ಭಾವಿಸಿರಿ. ಕರೆ ಕೇಳಿದೊಡನೆ ಇಬ್ಬರೂ ಒಟ್ಟಿಗೆ ಮುಂದಕ್ಕೆ ನಡೆಯುವರು. ಒಬ್ಬರ ಬಲಭುಜ ಇನ್ನೊಬ್ಬರ ಬಲಭುಜದ ಪಕ್ಕದಿಂದ ಹಾದು ಹೋಗಬೇಕು. ನಮ್ಮ ದೇಶದ ರಸ್ತೆಗಳಲ್ಲಿ ಎದುರಿನ ಬಂಡಿ ನಮ್ಮ ಬಲಕ್ಕೆ ಹಾಯುವುದಿಲ್ಲವೆ, ಥೇಟು ಹಾಗೆಯೇ. (ಅಮೆರಿಕದ ರಸ್ತೆಗಳಲ್ಲಿ ಇದು ತಿರುವುಮುರುವು, ಆದರೂ ಅವರ ಕುಣಿತ ನಮ್ಮ ರಸ್ತೆಯ ನಿಯಮವನ್ನೇ ಪಾಲಿಸುತ್ತದೆ ಎಂಬುದು ನನಗೆ ಬಲು ಮೋಜೆನಿಸುತ್ತದೆ.) ಪರಸ್ಪರ ದಾಟಿದ ಮೇಲೆ ಇಬ್ಬರೂ ಮುಖ ತಿರುಗಿಸದೆ ಬಲಕ್ಕೆ ಒಂದು ಹೆಜ್ಜೆ ಸರಿಯುವರು. ಆ ಕ್ಷಣದಲ್ಲಿ ಒಬ್ಬರ ಬೆನ್ನು ಇನ್ನೊಬ್ಬರ ಬೆನ್ನಿಗೆ ಎದುರಾಗಿರುತ್ತದೆ. ಅಲ್ಲಿಂದ ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಈ ಸಲ ಎಡಭುಜದ ಪಕ್ಕದಿಂದ ಹಾದು, ಹೊರಟ ಜಾಗಕ್ಕೆ ಮರಳುವರು. ಜನಪದ ರೀತಿಯ ಕುಣಿತದಲ್ಲಿ ಇಷ್ಟಕ್ಕೆ ಎಂಟು ಎಣಿಕೆ. ಇಂದಿನ ಕ್ಲಬ್ಬುಗಳ ಚೌಕ ಕುಣಿತದಲ್ಲಿ ಹತ್ತಿರವಿರುವ ಜೊತೆಗಾರರಿಗೆ ಆರು ಹೆಜ್ಜೆ ಸಾಕು.

ನೆಲದ ಮೇಲೆ ಈ ನಡೆಯ ಗೆರೆ ಎಳೆದರೆ, ಪ್ರತಿಯೊಬ್ಬರೂ ಇನ್ನೊಬ್ಬರನ್ನು ಬಲಸುತ್ತಾಗಿ ಒಂದು ಸುತ್ತು ಬಂದಿರುತ್ತಾರೆ. ಪ್ರದಕ್ಷಿಣೆಯ ದಿಕ್ಕೇ ಹೌದು. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಪ್ರದಕ್ಷಿಣೆ ಬರುವವನ ಮುಖ ದಾರಿಯೊಡನೆ ತಿರುಗುತ್ತದೆ, ಅವನ ಬಲಭುಜ ಸದಾ ನಡುವಿನತ್ತ ಇರುತ್ತದೆ. ಡೋ-ಸಿ-ಡೋದಲ್ಲಿ ಮುಖ ಮೊದಲಿನಿಂದ ಕಡೆಯತನಕ ಒಂದೇ ದಿಕ್ಕಿಗೆ. ಉತ್ತರಕ್ಕೆ ಮುಖಮಾಡಿ ಹೊರಟವನು ಉತ್ತರವನ್ನೇ ನೋಡುತ್ತ ಮುಗಿಸಬೇಕು. ಹೀಗಾಗಿ ಜೊತೆಗಾರರಿಗೆ ಮೊದಲು ಎದೆ, ಬಳಿಕ ಬಲಭುಜ, ಬಳಿಕ ಬೆನ್ನು, ಬಳಿಕ ಎಡಭುಜ, ಮತ್ತೆ ಎದೆ, ಹೀಗೆ ಶರೀರದ ನಾಲ್ಕು ಪಾರ್ಶ್ವಗಳೂ ಸರದಿಯಂತೆ ಎದುರಾಗುತ್ತವೆ.

ಇದರಲ್ಲಿ ಕೈ ಹಿಡಿಯುವುದಿಲ್ಲ. ತೋಳು ತಾಗುವುದಿಲ್ಲ. ನಮ್ಮ ಕೋಲಾಟದಲ್ಲಾದರೂ ಕೋಲಿಗೆ ಕೋಲು ತಾಗುತ್ತದೆ. ಇಲ್ಲಿ ತಾಗಿದರೆ ತಪ್ಪು. ಶಾಲೆಗಳಲ್ಲಿ ಮಕ್ಕಳು ಎದೆಯ ಮೇಲೆ ಕೈಕಟ್ಟಿಕೊಂಡು ಈ ಹೆಜ್ಜೆ ಹಾಕುವುದನ್ನು ಚಿತ್ರಗಳಲ್ಲಿ ಕಾಣುತ್ತೇವೆ. ಮೊಣಕೈ ತಗಲದಿರಲೆಂದು ಅದೊಂದು ಉಪಾಯ, ಕಡ್ಡಾಯವೇನಲ್ಲ. ಬಲ್ಲವರು ಕೈಗಳನ್ನು ಸಹಜವಾಗಿ ಇಳಿಬಿಟ್ಟೇ ನಡೆಯುತ್ತಾರೆ.

ಕೇಳಲು ಸುಲಭ. ಕಷ್ಟವಿರುವುದು ಹಿಂದಕ್ಕೆ ಬರುವ ಅರ್ಧದಲ್ಲಿ. ಮುಂದೆ ನಡೆಯುವಾಗ ಕಣ್ಣು ದಾರಿ ಕಾಯುತ್ತದೆ. ಹಿಂದಕ್ಕೆ ಸರಿಯುವಾಗ ಬೆನ್ನ ಹಿಂದೆ ಇನ್ನೊಬ್ಬರೂ ಹಾಗೆಯೇ ಕಾಣದೆ ಸರಿಯುತ್ತಿರುತ್ತಾರೆ. ಹೊಸಬರು ಇಲ್ಲಿ ಕತ್ತು ಹೊರಳಿಸಿ ನೋಡುತ್ತಾರೆ. ನೋಡಿದೊಡನೆ ಭುಜ ಹೊರಳುತ್ತದೆ, ಭುಜ ಹೊರಳಿದರೆ ಕಾಲು ಓರೆಯಾಗುತ್ತದೆ, ಓರೆಯಾದ ಕಾಲು ಪಕ್ಕದ ಜೋಡಿಯ ದಾರಿಗೆ ಅಡ್ಡ ಬರುತ್ತದೆ. ಕೆಲವು ಮಕ್ಕಳು ಹಿಂದೆ ನಡೆಯಲು ಅಂಜಿ ಪೂರ್ತಿ ಹಿಂದಿರುಗಿ ಮುಖಾಮುಖಿಯಾಗಿ ಓಡಿಬಂದುಬಿಡುತ್ತಾರೆ. ಒಬ್ಬನ ಅವಸರ ಎಂಟು ಜನರ ಚೌಕವನ್ನು ಕೆಡಿಸುತ್ತದೆ. ಬಲವಂತರಾದ ಯುವಕರು ಒಮ್ಮೊಮ್ಮೆ ಸುತ್ತು ಬರುವಾಗಲೇ ತಮ್ಮ ಸುತ್ತ ತಾವೂ ಬುಗುರಿಯಂತೆ ತಿರುಗುವುದುಂಟು. ಎರಡು ಸಾಲುಗಳಾಗಿ ನಿಂತು ಕುಣಿಯುವ ‘ಕಾಂಟ್ರಾ’ ಎಂಬ ಸೋದರ ಕುಣಿತದಲ್ಲಿ ಈ ಅಲಂಕಾರ ತುಂಬ ಪ್ರಚಾರದಲ್ಲಿದೆ. ನೋಡಲು ಚೆಂದವೇ, ಆದರೆ ಮುಖದ ದಿಕ್ಕು ಕದಲದೆ ಸುತ್ತಿ ಬರುವ ಬಿಗುವು ಅದರಲ್ಲಿ ಮಾಯವಾಗುತ್ತದೆಂದು ನನ್ನ ಅನಿಸಿಕೆ.

ಹೆಸರಿನ ಕಥೆ ಇನ್ನೂ ಸ್ವಾರಸ್ಯಕರ. ಫ್ರೆಂಚ್ ಭಾಷೆಯಲ್ಲಿ ‘ದೊ’ ಎಂದರೆ ಬೆನ್ನು; ‘ದೊಸಾದೊ’ ಎಂದರೆ ಬೆನ್ನಿಗೆ ಬೆನ್ನು. ಎರಡು ಗ್ರಂಥಗಳನ್ನು ಬೆನ್ನಿಗೆ ಬೆನ್ನಾಗಿ, ನಡುವೆ ಒಂದೇ ರಟ್ಟು ಬರುವಂತೆ ಕಟ್ಟುವ ಹಳೆಯ ಯೂರೋಪಿನ ಪುಸ್ತಕ ಕಟ್ಟುವಿಕೆಗೂ ಇದೇ ಹೆಸರು. ಬೈಬಲ್ಲಿನ ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಹೀಗೆ ಜೋಡಿಸಿ ಕಟ್ಟುತ್ತಿದ್ದರು. ಕುಣಿತದ ಮೂಲವಾದರೋ ಬಹುಮಟ್ಟಿಗೆ ಇಂಗ್ಲೆಂಡಿನದು. ಜಾನ್ ಪ್ಲೇಫರ್ಡ್ ಎಂಬ ಲಂಡನ್ನಿನ ಪ್ರಕಾಶಕ 1651ರ ಮುದ್ರೆಯುಳ್ಳ ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಎಂಬ ಪುಸ್ತಕದಲ್ಲಿ 105 ಕುಣಿತಗಳನ್ನು, ಅವುಗಳ ಸ್ವರಪಾಠ ಸಹಿತ ಅಚ್ಚು ಹಾಕಿದ. ಆ ಪರಂಪರೆಯಲ್ಲಿ ಈ ಚಲನೆಗೆ ಇಂದಿಗೂ ‘ಬ್ಯಾಕ್ ಟು ಬ್ಯಾಕ್’ ಎಂಬ ಸರಳ ಇಂಗ್ಲಿಷ್ ಹೆಸರೇ ಇದೆ. ಇಂಗ್ಲೆಂಡಿನ ಈ ‘ಕಂಟ್ರಿ ಡಾನ್ಸ್’ಗಳು ಫ್ರಾನ್ಸಿಗೆ ಹೋದವು, ಅಲ್ಲಿ ‘ಕಂತ್ರದಾಂಸ್’ ಆದವು, ನಾಲ್ಕು ಜೋಡಿಗಳು ಚೌಕದಲ್ಲಿ ನಿಲ್ಲುವ ‘ಕೊಟಿಲಿಯನ್’ ರೂಪ ಅಲ್ಲಿ ಬಲಿತು, ಹದಿನೆಂಟನೆಯ ಶತಮಾನದಲ್ಲಿ ಮತ್ತೆ ಸಮುದ್ರ ದಾಟಿ ಅಮೆರಿಕವನ್ನು ಸೇರಿತು. ಮುಂದಿನ ಶತಮಾನದಲ್ಲಿ ‘ಕ್ವಾಡ್ರಿಲ್’ ಅದನ್ನು ಹಿಂಬಾಲಿಸಿತು. ನೃತ್ಯಗುರುಗಳ ಬಾಯಲ್ಲಿದ್ದ ದೊಸಾದೊ ಫ್ರೆಂಚ್ ಅರಿಯದ ರೈತರ ಬಾಯಿಗೆ ಬಿದ್ದು ಡೋ-ಸಿ-ಡೋ ಆಯಿತು. ಅಪಲಾಚಿಯ ಬೆಟ್ಟಗಳ ಕಡೆಯಲ್ಲಿ ಅದೇ ಹೆಸರು ಇನ್ನೂ ದೂರ ಸರಿದು, ಕೈಹಿಡಿದು ಜೊತೆಗಾರರನ್ನೂ ನೆರೆಯವರನ್ನೂ ಸರದಿಯಂತೆ ತಿರುಗಿಸುವ ಬೇರೊಂದು ಚಲನೆಗೆ ಅಂಟಿಕೊಂಡಿತು. ಹೆಸರಿನಲ್ಲಿ ಬೆನ್ನಿದ್ದರೂ ಆ ಚಲನೆಯಲ್ಲಿ ಬೆನ್ನಿನ ಸುದ್ದಿಯೇ ಇಲ್ಲ! ಪದಗಳು ಊರಿಂದೂರಿಗೆ ಹೋಗುವಾಗ ಅರ್ಥವನ್ನು ದಾರಿಯಲ್ಲಿ ಬಿಟ್ಟು ಸದ್ದನ್ನಷ್ಟೇ ಒಯ್ಯುವುದುಂಟು.

ಕರೆಗಾರ ಎಲ್ಲಿಂದ ಬಂದ? ಇಂಗ್ಲೆಂಡ್ ಫ್ರಾನ್ಸುಗಳ ಸಭಾಭವನಗಳಲ್ಲಿ ಕುಲೀನರು ನೃತ್ಯಗುರುವಿಗೆ ಹಣ ತೆತ್ತು ಚಲನೆಗಳನ್ನು ಮೊದಲೇ ಕಲಿತು ಬರುತ್ತಿದ್ದರು. ಕೂಗಿ ಹೇಳುವವನ ಅಗತ್ಯವಿರಲಿಲ್ಲ. ಅಮೆರಿಕದಲ್ಲಿ ಪಿಟೀಲು ನುಡಿಸುವ ಕೆಲಸ ಬಹಳ ಕಡೆ ಕರಿಯರ ಪಾಲಿನದಾಗಿತ್ತು, ಅವರಲ್ಲಿ ಅನೇಕರು ಗುಲಾಮರು. ಬಿಳಿಯ ಒಡೆಯರ ಔತಣಗಳಲ್ಲಿ ನುಡಿಸುತ್ತ ನುಡಿಸುತ್ತ ಅವರು ಚಲನೆಗಳನ್ನು ಅರಿತರು. ಗುರುವಿನ ಪಾಠವಿಲ್ಲದವರೂ ಕುಣಿಯುವಂತೆ, ನುಡಿಸುತ್ತಲೇ ಕೂಗಿ ಹೇಳತೊಡಗಿದರು. ಅಮೆರಿಕದ ಸಂಸತ್ ಭವನದ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ ಬೆಂಜಮಿನ್ ಲಟ್ರೋಬ್ 1819ರಲ್ಲಿ ನ್ಯೂ ಓರ್ಲಿಯನ್ಸ್ ನಗರದ ನೃತ್ಯಕೂಟವೊಂದರಲ್ಲಿ ಹೀಗೆ ಕರೆ ಕೊಡುತ್ತಿದ್ದ ಕರಿಯ ವಾದ್ಯಗಾರನನ್ನು ಕಂಡು, ಹಗುರವಾದ ಮಾತುಗಳಲ್ಲಿಯೇ ಆದರೂ ಬರೆದಿಟ್ಟಿದ್ದಾನೆ. ಆ ಹಗುರವಾದ ಮಾತು ಇಂದು ಚರಿತ್ರೆಯ ಅಮೂಲ್ಯ ಆಧಾರ. ಫಿಲ್ ಜೇಮಿಸನ್ ಎಂಬ ಸಂಶೋಧಕ 2015ರಲ್ಲಿ ಪ್ರಕಟಿಸಿದ ‘ಹೋಡೌನ್ಸ್, ರೀಲ್ಸ್ ಅಂಡ್ ಫ್ರಾಲಿಕ್ಸ್’ ಎಂಬ ಗ್ರಂಥ ಈ ವಿಷಯವನ್ನು ವಿಸ್ತಾರವಾಗಿ ಪ್ರತಿಪಾದಿಸುತ್ತದೆ.

ಇದಕ್ಕೆ ಮುಂಚೆ ಒಂದು ಶತಮಾನದ ಕಾಲ ವಿದ್ವಾಂಸರು ಬೇರೆಯೇ ಹೇಳುತ್ತಿದ್ದರು. ಇಂಗ್ಲೆಂಡಿನ ಜಾನಪದ ಸಂಗ್ರಾಹಕ ಸೆಸಿಲ್ ಶಾರ್ಪ್, ತನ್ನ ಸಹಾಯಕಿ ಮಾಡ್ ಕಾರ್ಪಲೀಸ್ ಜೊತೆಗೂಡಿ ಅಪಲಾಚಿಯ ಬೆಟ್ಟಗಳಲ್ಲಿ ಹಾಡು ಸಂಗ್ರಹಿಸುತ್ತ ತಿರುಗಾಡುವಾಗ, 1917ರಲ್ಲಿ ಕೆಂಟಕಿಯ ಪೈನ್ ಮೌಂಟನ್ ಶಾಲೆಯಲ್ಲಿ ಒಂದು ಕುಣಿತವನ್ನು ಕಂಡ. ಅದಕ್ಕೆ ‘ರನ್ನಿಂಗ್ ಸೆಟ್’ ಎಂದು ಹೆಸರಿಟ್ಟು 1918ರಲ್ಲಿ ಪುಸ್ತಕದಲ್ಲಿ ವರ್ಣಿಸಿದ. ಪ್ಲೇಫರ್ಡನ ಕಾಲಕ್ಕಿಂತಲೂ ಹಳೆಯದಾದ ಶುದ್ಧ ಇಂಗ್ಲಿಷ್ ಕುಣಿತ ಬೆಟ್ಟಗಾಡಿನಲ್ಲಿ ಕಲಬೆರಕೆಯಿಲ್ಲದೆ ಉಳಿದಿದೆ ಎಂಬುದು ಅವನ ತೀರ್ಮಾನ. ಅವನ ಶ್ರಮ ದೊಡ್ಡದು, ಸಂಶಯವಿಲ್ಲ. ಆದರೆ ಕುಣಿತದ ನಡುವೆ ಕೂಗಿ ಹೇಳುವ ಕರೆಗಾರನ ದನಿ ಎಲ್ಲಿಯದು ಎಂಬುದು ಅವನಿಗೆ ತೋಚಲಿಲ್ಲ. ಶುದ್ಧವನ್ನೇ ಹುಡುಕಿಕೊಂಡು ಹೊರಟ ಕಣ್ಣಿಗೆ ಮಿಶ್ರವಾದದ್ದು ಕಾಣಿಸುವುದು ಕಷ್ಟ.

ನಮ್ಮ ಪತ್ರಲೇಖಕರ ಅಳುಕು ಅಮೆರಿಕದವರಿಗೂ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಅನೇಕ ಧರ್ಮಶ್ರದ್ಧೆಯ ಕುಟುಂಬಗಳು ಕುಣಿತವನ್ನು ಪಾಪವೆಂದು ಬಗೆದಿದ್ದವು. ಪಿಟೀಲಿಗೆ ಸೈತಾನನ ಪೆಟ್ಟಿಗೆ ಎಂಬ ಹೆಸರೇ ಇತ್ತು. ಹಾಗೆಂದು ಹಳ್ಳಿಯ ಹರೆಯದವರು ಸುಮ್ಮನಿದ್ದರೇ? ಪಿಟೀಲನ್ನು ಕೈಬಿಟ್ಟು, ತಾವೇ ಹಾಡಿಕೊಂಡು, ಚಪ್ಪಾಳೆ ತಟ್ಟಿಕೊಂಡು, ಬಹುಮಟ್ಟಿಗೆ ಅವೇ ಚಲನೆಗಳನ್ನು ನಡೆಸಿದರು. ‘ಇದು ಕುಣಿತವಲ್ಲ, ಆಟ’ ಎಂದರು. ಇದಕ್ಕೆ ‘ಪ್ಲೇ-ಪಾರ್ಟಿ’ ಎಂದು ಹೆಸರಾಯಿತು. ‘ಸ್ಕಿಪ್ ಟು ಮೈ ಲೂ’ ಎಂಬ ಮಕ್ಕಳ ಹಾಡು ಆ ಕೂಟಗಳಿಂದ ಬಂದದ್ದು. ಹಿರಿಯರು ಕಂಡೂ ಕಾಣದಂತೆ ಇದ್ದರು. ಹಿರಿಯರಿಗೆ ಆ ಕಲೆ ಎಲ್ಲ ದೇಶಗಳಲ್ಲಿಯೂ ಬರುತ್ತದೆ ಎಂದು ತೋರುತ್ತದೆ.

ಅನಂತರದ ಅಧ್ಯಾಯ ಮಾತ್ರ ನನಗೆ ಅಷ್ಟು ಹಿತವಾಗಿಲ್ಲ. ಮೋಟಾರು ಕಾರಿನ ಉದ್ಯಮಿ ಹೆನ್ರಿ ಫೋರ್ಡ್ 1920ರ ದಶಕದಲ್ಲಿ ಹಳೆಯ ಕುಣಿತಗಳನ್ನು ಪುನರುಜ್ಜೀವನಗೊಳಿಸಲು ಹೊರಟರು. ಬೆಂಜಮಿನ್ ಲವೆಟ್ ಎಂಬ ನೃತ್ಯಗುರುವನ್ನು ಮ್ಯಾಸಚೂಸೆಟ್ಸಿನಿಂದ ತಮ್ಮ ಊರಾದ ಡಿಯರ್‌ಬಾರ್ನ್‌ಗೆ ಕರೆತಂದರು. 1926ರಲ್ಲಿ ಪತ್ನಿಯೊಡನೆ ತಮ್ಮ ಹೆಸರಿನಲ್ಲಿ ಕುಣಿತದ ಕೈಪಿಡಿಯನ್ನು ಹೊರತಂದರು. ಶಾಲಾ ಕಾಲೇಜುಗಳಲ್ಲಿ ಇದನ್ನು ಕಲಿಸಲು ಧಾರಾಳವಾಗಿ ನೆರವು ನೀಡಿದರು. ಉದ್ದೇಶವೇನು? ಕರಿಯರ ನಡುವೆ ಹುಟ್ಟಿ ನಗರಗಳನ್ನು ಆವರಿಸುತ್ತಿದ್ದ ಜಾಜ್ ಸಂಗೀತ ಅವರಿಗೆ ಸೇರುತ್ತಿರಲಿಲ್ಲ. ಯೆಹೂದ್ಯರ ಮೇಲೆ ವಿಷ ಕಾರುತ್ತಿದ್ದ ಅವರ ಒಡೆತನದ ಪತ್ರಿಕೆ ಜಾಜನ್ನು ಅದೇ ವಿಷದಲ್ಲಿ ಅದ್ದಿ ಬರೆಯಿತು. ಇದಕ್ಕೆ ಪ್ರತಿಯಾಗಿ, ಯುವಜನರನ್ನು ನೇರ್ಪುಗೊಳಿಸುವ ‘ನಮ್ಮ ಹಿರಿಯರ’ ಕುಣಿತವೆಂದು ಚೌಕ ಕುಣಿತವನ್ನು ಎತ್ತಿ ಹಿಡಿದರು. ಕರಿಯ ಗುಲಾಮರ ದನಿಯಲ್ಲಿ ರೂಪು ತಳೆದ ಕಲೆಯನ್ನು, ಕರಿಯರ ಸಂಗೀತವನ್ನು ಹೊರದೂಡಲು ಬಳಸಿದ ಈ ವಿಪರ್ಯಾಸ ಅವರ ಅರಿವಿಗೆ ಬಂದಂತೆ ಕಾಣದು. ಕಲೆಯನ್ನು ಕೋಟೆಗೋಡೆಯಾಗಿ ಕಟ್ಟುವವರು ಕಲ್ಲು ಎಲ್ಲಿಂದ ಬಂತೆಂದು ವಿಚಾರಿಸುವುದಿಲ್ಲ.

ಶಾಲೆಗಳಲ್ಲಿ ಅದು ಬೇರೂರಿದ್ದಕ್ಕೆ ಫೋರ್ಡರ ಹಣವೊಂದೇ ಕಾರಣವೆಂದರೆ ಅನ್ಯಾಯವಾದೀತು. ಕೊಲರಾಡೊ ಪ್ರಾಂತದ ಶಯನ್ ಮೌಂಟನ್ ಶಾಲೆಯ ಮುಖ್ಯಸ್ಥರಾಗಿದ್ದ ಲಾಯ್ಡ್ ಶಾ ತಮ್ಮ ವಿದ್ಯಾರ್ಥಿಗಳ ತಂಡ ಕಟ್ಟಿ, ಪಶ್ಚಿಮದ ದನಗಾಹಿಗಳ ಕುಣಿತಗಳನ್ನು ಸಂಗ್ರಹಿಸಿ, 1939ರಲ್ಲಿ ‘ಕೌಬಾಯ್ ಡಾನ್ಸಸ್’ ಎಂಬ ಪುಸ್ತಕ ಬರೆದರು. ಬೇಸಿಗೆ ರಜೆಯಲ್ಲಿ ಅವರ ಬಳಿ ಬಂದು ಕಲಿತ ಶಿಕ್ಷಕರು ಅದನ್ನು ಊರೂರಿಗೆ ಒಯ್ದರು. 1982ರಲ್ಲಿ ಅಮೆರಿಕದ ಸಂಸತ್ತು ಚೌಕ ಕುಣಿತವನ್ನು 1982 ಮತ್ತು 1983ರ ಅವಧಿಗೆ ರಾಷ್ಟ್ರೀಯ ಜಾನಪದ ನೃತ್ಯವೆಂದು ಸಾರಿತು. ಆ ಗೌರವವನ್ನು ಶಾಶ್ವತಗೊಳಿಸುವ ಯತ್ನಗಳು ಕೈಗೂಡಲಿಲ್ಲ. ಹತ್ತಾರು ಜನಾಂಗಗಳ ದೇಶದಲ್ಲಿ ಒಂದು ಕುಣಿತಕ್ಕೆ ಮಾತ್ರ ಆ ಪಟ್ಟವೇಕೆ ಎಂಬ ಆಕ್ಷೇಪಣೆ ಬಂದದ್ದು ಸಹಜವೇ.

ಇನ್ನು ಹಿರಿಯರ ಪ್ರಶ್ನೆಗೆ ಬರುತ್ತೇನೆ. ಡೋ-ಸಿ-ಡೋದಲ್ಲಿ ಅಂಜುವಂಥದ್ದು ಏನೂ ಇಲ್ಲ. ಮೊಮ್ಮಗಳು ಕಲಿತ ಹೆಜ್ಜೆ ತುಂಬಿದ ಸಂತೆಯಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುವಷ್ಟೇ ಸಭ್ಯವಾದುದು. ಆದರೆ ಅರ್ಧ ಹೇಳಿ ಅರ್ಧ ಮುಚ್ಚಿಡುವುದು ಸರಿಯಲ್ಲ. ಚೌಕ ಕುಣಿತದ ಬೇರೆ ಚಲನೆಗಳಲ್ಲಿ ಕೈ ಹಿಡಿಯುವುದುಂಟು. ‘ಅಲಮಾಂಡ್’ನಲ್ಲಿ ಎಡಗೈ ಹಿಡಿದು ಮೂಲೆಯವರನ್ನು ಸುತ್ತಬೇಕು, ‘ಪ್ರಾಮನೇಡ್’ನಲ್ಲಿ ಜೋಡಿಗಳು ಕೈಗೂಡಿಸಿ ಚೌಕವನ್ನು ಸುತ್ತುತ್ತವೆ, ‘ಸ್ವಿಂಗ್’ನಲ್ಲಿ ದೊಡ್ಡವರು ಸೊಂಟ ಬಳಸಿ ತಿರುಗುತ್ತಾರೆ, ಮಕ್ಕಳಿಗಾದರೆ ಸಾಮಾನ್ಯವಾಗಿ ಮೊಣಕೈಗೆ ಮೊಣಕೈ ಸಿಕ್ಕಿಸಿ ಅಥವಾ ಎರಡೂ ಕೈ ಹಿಡಿದು ತಿರುಗುವುದನ್ನು ಕಲಿಸುತ್ತಾರೆ. ಇವೆಲ್ಲವೂ ಇಡೀ ತರಗತಿಯ ಎದುರಿನಲ್ಲಿ, ಶಿಕ್ಷಕರ ಕಣ್ಣಳತೆಯಲ್ಲಿ, ಎಂಟು ಹತ್ತು ಕ್ಷಣ ನಡೆದು ಮುಗಿಯುತ್ತವೆ. ಅಷ್ಟರಲ್ಲಿ ಜೊತೆಗಾರ ಬದಲಾಗಿರುತ್ತಾನೆ. ಹತ್ತು ವರ್ಷದ ಹುಡುಗಿಗೆ ಅದರಲ್ಲಿ ಕಾಣುವುದು ತಾಳ ತಪ್ಪೀತೆಂಬ ದಿಗಿಲು ಮಾತ್ರ. ಮಿಕ್ಕ ಅರ್ಥಗಳನ್ನು ಅವಳ ತಲೆಯಲ್ಲಿ ತುಂಬುವವರು ದೊಡ್ಡವರಾದ ನಾವು. ಚೀಟಿ ಬರೆದು ಅವಳನ್ನು ಗೋಡೆಯ ಬದಿ ಕೂರಿಸಿದರೆ, ಏಳು ಜನ ನಿಂತ ಚೌಕ ಅವಳ ಕಣ್ಣೆದುರಿಗೇ ಕುಂಟುತ್ತದೆ. ಆ ಎಂಟನೆಯ ಸ್ಥಾನ ತನ್ನದಾಗಿತ್ತೆಂಬುದು ಅವಳಿಗೆ ಬಹುಕಾಲ ಮರೆಯದು. ಆದುದರಿಂದ ಚೀಟಿ ಬೇಡ ಎಂಬುದು ನನ್ನ ಅಭಿಪ್ರಾಯ.

ಮಗನಿಗೂ ಒಂದು ಮಾತು, ಈ ಸಂಚಿಕೆ ಅವರ ಕೈಸೇರುವುದಾದರೆ. ತಂದೆ ಕೇಳಿದ್ದು ತಿಳಿಯದ ಒಂದು ಪದದ ಅರ್ಥವನ್ನು. ಅವರಿಗೆ ಅದನ್ನು ವಿವರಿಸಿ ಹೇಳುವುದು ಎರಡು ನಿಮಿಷದ ಕೆಲಸ. ‘ಅದೆಲ್ಲ ನಿಮಗೆ ತಿಳಿಯದು ಬಿಡಿ’ ಎಂದು ಫೋನ್ ಇಟ್ಟದ್ದರಿಂದ ಮೂರು ವಾರ ಹೋದವು. ದೂರವಾಣಿಯಲ್ಲಿ ಹೇಳಲು ಬಾರದಿದ್ದರೆ ಮಗಳಿಂದ ಮಾಡಿಸಿ ಚಲಚ್ಚಿತ್ರ ತೆಗೆದು ಕಳಿಸಬಹುದು. ಮೊದಲು ಫೋನ್ ಮಾಡಬೇಕಾದವರು ತಂದೆಯೋ ಮಗನೋ ಎಂಬ ಲೆಕ್ಕ ಬೇಡ. ಆದರೂ ವಯಸ್ಸಿನಲ್ಲಿ ಕಿರಿಯರು ಮೊದಲು ಮಾಡಿದರೆ ಸೊಗಸು.

ವಿದೇಶಗಳಲ್ಲಿರುವ ನಮ್ಮ ಕುಟುಂಬದವರಿಗೆ ಈ ಕುಣಿತದಲ್ಲಿ ಆಸಕ್ತಿ ಮೂಡಿದರೆ ತಿಳಿದಿರಲೆಂದು ಕೆಲವು ಸಂಗತಿಗಳು. ಕರೆಗಾರರ ಅಂತರರಾಷ್ಟ್ರೀಯ ಸಂಘವಾದ ‘ಕಾಲರ್‌ಲ್ಯಾಬ್’ ತನ್ನ ಮೊದಲ ಸಮ್ಮೇಳನವನ್ನು 1974ರಲ್ಲಿ ನಡೆಸಿತು. ಕರೆಗಳನ್ನು ಸುಲಭದಿಂದ ಕಠಿಣದವರೆಗೆ ಮಟ್ಟಗಳಾಗಿ ವಿಂಗಡಿಸಿದೆ. ಮೊದಲ ಮಟ್ಟದ ಪಟ್ಟಿಯ ಆರಂಭದಲ್ಲಿಯೇ, ವೃತ್ತವಾಗಿ ಸುತ್ತುವ, ಮುಂದೆ ಹಿಂದೆ ನಡೆಯುವ ಕರೆಗಳ ಜೊತೆಯಲ್ಲಿ ಡೋ-ಸಿ-ಡೋ ಬರುತ್ತದೆ. ಜಪಾನ್, ಜರ್ಮನಿ, ಸ್ವೀಡನ್ ದೇಶಗಳ ಕ್ಲಬ್ಬುಗಳಲ್ಲಿಯೂ ಕರೆಗಳನ್ನು ಇಂಗ್ಲಿಷಿನಲ್ಲಿಯೇ ಕೊಡುತ್ತಾರೆ; ಆ ಊರಿನ ಮಾತು ಬಾರದವರೂ ಅಲ್ಲಿಯ ಚೌಕದಲ್ಲಿ ನಿಂತು ಕುಣಿಯಬಹುದು. ಕಾಂಟ್ರಾ ಕುಣಿತದ ಅನೇಕ ಕೂಟಗಳಲ್ಲಿ ಈಚಿನ ವರ್ಷಗಳಲ್ಲಿ ಗಂಡು ಹೆಣ್ಣು ಎಂಬ ಪಾತ್ರದ ಹೆಸರುಗಳನ್ನು ಬಿಟ್ಟು, ‘ಲಾರ್ಕ್’, ‘ರಾಬಿನ್’ ಎಂದು ಎರಡು ಹಕ್ಕಿಗಳ ಹೆಸರಿನಿಂದ ಕರೆಯುವ ರೂಢಿ ಬಂದಿದೆ. ಡೋ-ಸಿ-ಡೋಗೆ ಈ ಬದಲಾವಣೆಯಿಂದ ಏನೂ ಆಗಬೇಕಿರಲಿಲ್ಲ. ಅದರಲ್ಲಿ ಮುನ್ನಡೆಸುವವರು ಹಿಂಬಾಲಿಸುವವರು ಎಂಬ ಭೇದವೇ ಇಲ್ಲ, ಇಬ್ಬರ ಹೆಜ್ಜೆಯೂ ಒಂದೇ. ಕಲಿಯಲು ಹೋಗುವವರು ಜಾರದ, ಆದರೆ ನೆಲಕ್ಕೆ ತೀರ ಅಂಟಿಕೊಳ್ಳದ ಅಡಿಯುಳ್ಳ ಚಪ್ಪಟೆ ಪಾದರಕ್ಷೆ ಧರಿಸಿರಲಿ. ಸೀರೆಯುಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಒಳ್ಳೆಯದು, ಹಿಂದಕ್ಕೆ ಬರುವಾಗ ಕಾಲಿಗೆ ಸಿಕ್ಕೀತು.